ಹೆಂಡತಿ ಪಾರ್ಟು

೧೧ ಜೂನ್, ಬೆಳಗ್ಗೆ ೭
ಮತ್ತೆ ಅದೇ ಬೆಲ್ಲು. ಮಾತ್ರೆ, ಪ್ರಾರ್ಥನೆ, ಉಪ್ಪಿಟ್ಟು. ಕುಡಿತ ಬಿಡಿಸೋ ಈ ಕೇಂದ್ರದಲ್ಲಿ ಇಪ್ಪತ್ತಾರನೇ ದಿನ. ಬೀರೂರಿನ ರೈಲು ಕೂಗೋದು ಕೇಳುತ್ತೆ, ಕಾಣಲ್ಲ. ಗೇಟಿಗೆ ಬೀಗ. ಫೋನು ಆಫೀಸಲ್ಲಿ. ಹದಿನಾಲ್ಕು ವರ್ಷ ಕಂಬ ಹತ್ತಿದ ಲೈನ್‌ಮನ್ನು, ಈ ಕಾಂಪೌಂಡ್ ಹಾರಕ್ಕಾಗಲ್ವ? ಆಗುತ್ತೆ. ಹಾರಿ ಹೋಗೋದೆಲ್ಲಿಗೆ? ಇಲ್ಲಿಗೆ ತಂದು ಹಾಕಿದ್ದೇ ಕೋಮಲಾ, ಕಟ್ಕೊಂಡ ಹೆಂಡ್ತಿ. ಅಜ್ಜಂಪುರದ ಮನೆ ಬಾಗಿಲು ತೆಗೀತಾಳಾ...

೧೩ ಜೂನ್
ತರೀಕೆರೆಯಿಂದ ನಾಟಕದ ಮೇಷ್ಟ್ರು ಬಂದಿದ್ರು, ರೇಣುಕಪ್ರಸಾದ್. ಕುಡಿತ ಬಿಡಕ್ಕೆ ನಾಟಕವಂತೆ!
"ಕುಡಿದು ಮನೇಲಿ ಮಾಡಿದ್ದು ಒಂದು ಸೀನ್ ಬರೀರಿ. ನಿಮ್ಮ ಪಾರ್ಟು ಇನ್ನೊಬ್ರು ಮಾಡ್ತಾರೆ. ಎದುರಿಗಿದ್ದವರ ಪಾರ್ಟು ನಿಮ್ದು."
ಮೀಸೆ ಇಟ್ಕೊಂಡು ಸೀರೆ ಉಡ್ಬೇಕಾ ಸಾರ್ ಅಂದೆ. ಎಲ್ರೂ ನಕ್ಕರು.
"ಸೀರೆ ಬೇಡ ಕಾಂತರಾಜು. ಅವ್ರು ನಿಂತಿದ್ದ ಜಾಗದಲ್ಲಿ ನಿಂತ್ಕೊಳ್ಳಿ, ಸಾಕು."

೨೦ ಜೂನ್, ಮಧ್ಯಾಹ್ನ ೩
ಬರೆದೆ. ಯುಗಾದಿ ಮಾರನೇ ದಿನ, ಹೊಸತೊಡಕು. ಬೆಳಗ್ಗೆಯಿಂದ ಕುಡ್ದಿದ್ದೆ. ಕೋಮಲಾ ಮಗಳನ್ನ ಎಳ್ಕೊಂಡು ರೂಮಿಗೆ ಹೋಗಿ ಚಿಲಕ ಹಾಕ್ಕೊಂಡ್ಲು. ನಾನು ಕೂಗಾಡ್ತಾ ಬಾಗಿಲು ಒದ್ದೆ. ಅಷ್ಟೇ ನೆನಪು. ಒಳಗೆ ಅವಳು ಏನಂದ್ಲೋ ಗೊತ್ತಿಲ್ಲ. ಅವಳ ಮಾತು ನಾನೇ ಹಾಕಿದೆ — ಒಂದೂವರೆ ಪುಟ. "ಈ ಕುಡಿತ ಒಂದು ಬಿಟ್ರೆ ನೀವು ದೇವರಂಥವರು..." ಚೆನ್ನಾಗಿ ಬಂದಿದೆ.

೨೭ ಜೂನ್
ರಿಹರ್ಸಲ್. ಸ್ಟೋರ್ ರೂಮಿನ ಬಾಗಿಲು. ನಾನು ಒಳಗೆ. ಆಚೆ ಕಡೂರಿನ ಆಟೋ ಸುರೇಶ, ನನ್ನ ಪಾರ್ಟಲ್ಲಿ.
"ತೆಗಿಯೇ! ಇಬ್ರನ್ನೂ ಮುಗಿಸ್ಬಿಡ್ತೀನಿ!"
ನಾನೇ ಬರೆದ ಮಾತು. ಒದ್ದ. ಚಿಲಕ ಅಲ್ಲಾಡ್ತು. ಕಿಟಕಿ ಇಲ್ಲ. ಡೈಲಾಗೆಲ್ಲ ಮರೆತ್ಹೋಯ್ತು. ಲೇ ಸುರೇಶ, ಸಾಕು ಕಣೋ ಅಂದೆ. ಕೇಳಿಸ್ಲಿಲ್ಲ ಅವನಿಗೆ. ಇನ್ನೆರಡು ಸಲ ಒದ್ದ.

೧೩ ಜುಲೈ, ಸಂಜೆ ೫
ಇಷ್ಟು ದಿನ ಬರೆಯೋಕಾಗ್ಲಿಲ್ಲ.
ಇವತ್ತು ಮನೆಯವ್ರು ಬರೋ ದಿನ. ಕೊನೇ ಬೆಂಚಲ್ಲಿ ಕೋಮಲಾ, ಪಕ್ಕ ಮಗಳು ಭೂಮಿಕಾ. ಆಡಿದ್ವಿ. ಒಂದೂವರೆ ಪುಟಾನೂ ತಪ್ಪಿಲ್ಲದೆ ಹೇಳ್ದೆ. ಚಪ್ಪಾಳೆ. ಕೋಮಲಾ ತಟ್ಲಿಲ್ಲ.
ಆಮೇಲೆ ಭೂಮಿಕಾ ಹತ್ರ ಬಂದ್ಲು. ಹನ್ನೊಂದು ವರ್ಷ ಅದಕ್ಕೆ.
"ಅಪ್ಪ, ಅದು ಹಂಗಿರ್ಲಿಲ್ಲ. ಅಮ್ಮ ಏನೂ ಮಾತಾಡ್ಲಿಲ್ಲ. ನಾನು ಅಳೋದು ನಿಂಗೆ ಕೇಳಬಾರ್ದು ಅಂತ ನನ್ನ ಬಾಯಿ ಮುಚ್ಚಿ ಹಿಡ್ಕೊಂಡಿದ್ಲು. ನಂಗೆ ಉಸ್ರೇ ಬರ್ತಿರ್ಲಿಲ್ಲ."
ಕೋಮಲಾನ ನೋಡ್ದೆ. ಹೂಂ ಅಂದ್ಲು.
"ಮನೆಗೆ ಯಾವಾಗ ಬರ್ಲಿ?"
"ಬಸ್ಸಿಗೆ ಹೊತ್ತಾಯ್ತು ಕಣ್ರೀ."
ಹೋದ್ರು.

೧೪ ಜುಲೈ, ಬೆಳಗ್ಗೆ
ಒಂದೂವರೆ ಪುಟಾನೂ ಹೊಡೆದು ಹಾಕ್ದೆ. ಮೊದಲಿಂದ —
ಕೋಮಲಾ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದಾಳೆ. ಮಗಳ ಬಾಯಿ ಮೇಲೆ ಕೈ. ಮಾತಿಲ್ಲ. ಆಚೆ ಕಾಂತರಾಜು... ಅಲ್ಲ. ಆಚೆ ನಾನು.