ಮೇಜಿನ ಮೇಲಿನ ಬಾಟಲಿಗಳು

ಹುಬ್ಬಳ್ಳಿ, ೧೯೬೩

ಅಪ್ಪಾ,

ಮಣ್ಣಿನಲ್ಲಿ ಮಲಗಿದವರಿಗೆ ಪತ್ರ ಮುಟ್ಟುವುದಿಲ್ಲ, ಗೊತ್ತು. ಆದರೂ ಇವತ್ತಿನದನ್ನು ನಿಮಗೇ ಹೇಳಬೇಕು.

ಪರವೂರಿನ ಬೋಧಕನೊಬ್ಬ ನೀವು ಉಪದೇಶಿಯಾಗಿದ್ದ ನಮ್ಮ ಚರ್ಚಿನಲ್ಲಿ ನಿಂತು, ಔಷಧ ಕುಡಿಯುವುದೇ ಅವಿಶ್ವಾಸ ಎಂದು ಬೋಧಿಸಿದ. ಸುಗ್ಗಿ ಹಬ್ಬದಲ್ಲಿ ನಾವು ಮೊದಲ ಫಲ ಇಡುವ ಮೇಜಿನ ಮೇಲೆ ರೋಗಿಗಳೆಲ್ಲ ತಮ್ಮ ಬಾಟಲಿ ಇಟ್ಟುಬಿಡಬೇಕಂತೆ. ಕ್ಷಯದಿಂದ ಸೊರಗಿದ ಪಕ್ಕದ ಮನೆಯ ಎಸ್ತೇರವ್ವನೂ ಇಟ್ಟಳು. ಸಭೆಯೆಲ್ಲ "ಆಮೆನ್" ಅಂದಿತು.

ನಾನು ಅನ್ನಲಿಲ್ಲ. ಹೆಂಗಸರ ಚಾಪೆ ದಾಟಿ ಹೋಗಿ, ಎಸ್ತೇರವ್ವನ ಬಾಟಲಿ ಎತ್ತಿ ಅವಳ ಕೈಗೇ ಕೊಟ್ಟೆ.

"ಇದನ್ನ ಕುಡೀರಿ, ಪ್ರಾರ್ಥನಾನೂ ಮಾಡ್ರಿ. ದೇವರು ಎರಡಕ್ಕೂ ಬ್ಯಾಡ ಅಂದಿಲ್ಲ."

ಬೋಧಕನ ಮುಖ ಕೆಂಪಾಯಿತು. ಸಭೆಯ ಹಿರಿಯರಾದ ದೇವದಾನಪ್ಪ ಕಾಕಾ ಧಾವಿಸಿ ಬಂದರು.

"ಉಪದೇಶಿಗಳ ಮಗಳಾಗಿ ಹಿಂಗ ಮಾಡ್ತೀಯೇನವಾ? ನಿಮ್ಮಪ್ಪ ಎಂದಾದ್ರೂ ಬೋಧಕರಿಗೆ ಎದುರು ಮಾತಾಡಿದ್ರೇನು?"

"ಇಲ್ಲರೀ ಕಾಕಾ. ಹಿಂದ ಇಂಥಾವನ ಒಬ್ಬಾಂವ ಬಂದಾಗ ನಮ್ಮವ್ವನೂ ಇದ ಮೇಜಿನ ಮ್ಯಾಲೆ ಬಾಟಲಿ ಇಟ್ಟಳು. ಅಪ್ಪ ಎಲ್ಲಾರಕಿಂತ ಜೋರಾಗಿ ಆಮೆನ್ ಅಂದ್ರು. ಮುಂದಿನ ಸುಗ್ಗಿ ಹಬ್ಬಕ್ಕ ಅವ್ವ ಇರಲಿಲ್ಲ."

ಜನರೆಲ್ಲ ಎದ್ದು ಬಂದು ತಮ್ಮ ತಮ್ಮ ಬಾಟಲಿ ಒಯ್ದರೆಂದು ಬರೆದರೆ ಸುಳ್ಳಾಗುತ್ತದೆ. ಎಸ್ತೇರವ್ವ ಒಬ್ಬಳೇ ಒಯ್ದಳು, ಸೆರಗಿನಲ್ಲಿ ಮುಚ್ಚಿಕೊಂಡು.

ಬರುವ ರವಿವಾರ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಹಿರಿಯರು ನನ್ನನ್ನು ಸೇರಿಸುವುದಿಲ್ಲವಂತೆ. ಸೇರಿಸದಿದ್ದರೆ ಬಿಡಲಿ. ನಾನು ಹೋಗುತ್ತೇನೆ, ಚಾಪೆಯ ಮೇಲೆ ಅವ್ವ ಕೂಡುತ್ತಿದ್ದ ಜಾಗದಲ್ಲೇ ಕೂಡುತ್ತೇನೆ. ಆ ಬೋಧಕ ಮತ್ತೆ ಬಂದರೆ ಮತ್ತೆ ಏಳುತ್ತೇನೆ.

ಇಂತಿ,
ಅವ್ವನ ಮಗಳು
ಸುಗುಣಾ