ಕೊತ್ತಗೆರೆ ಮನೆಯ ಚಿಲಕ

ಶಿರಾ ಗೇಟ್, ತುಮಕೂರು
16 ಫೆಬ್ರವರಿ 2025, ಭಾನುವಾರ

ಸುಶ್ಮಿ,

ಚಿ. ಸೌ. ಅಂತ ಶುರು ಮಾಡೋಕೆ ಹೋಗಿ ಪೆನ್ನು ನಿಂತುಬಿಡ್ತು ಕಣೇ. ಹಾಗಾಗಿ ಬರೀ ಸುಶ್ಮಿ. ಅಕ್ಕನ ಆಶೀರ್ವಾದವಂತೂ ನಿನಗೆ ಯಾವತ್ತೂ ಇದ್ದೇ ಇದೆ.

ಸಂಕ್ರಾಂತಿಗೇ ಬರೀತೀನಿ ಅಂದಿದ್ದೆ, ಇಷ್ಟು ತಡ ಆಯ್ತು. ಬೇಜಾರು ಮಾಡ್ಕೊಬೇಡ. ಮದುವೆ ಸೀಸನ್ನು, ಬ್ಲೌಸ್ ಹೊಲಿದು ಹೊಲಿದು ಕೈ ಬಿದ್ದುಹೋಗಿದೆ ಅಂತ ನೆಪ ಹೇಳಬಹುದು. ಆದರೆ ಕಾರಣ ಅದಲ್ಲ. ಬರೆಯೋದು, ಹರಿಯೋದು, ಇದೇ ಆಯ್ತು. ಜೈಲಿನಿಂದ ನೀನು ಫೋನ್ ಮಾಡಿದಾಗಲೆಲ್ಲ “ಯಾಕಕ್ಕ, ದನಿ ಒಂಥರಾ ಇದೆ” ಅಂತೀಯ. ಆ ಚೂರು ಹೊತ್ತಲ್ಲಿ ಹೇಳಿ ಮುಗಿಯೋ ವಿಷಯ ಅಲ್ಲ ಇದು. ಈ ಕಾಗದನ ನಿನಗಿಂತ ಮುಂಚೆ ಅಲ್ಲಿನವರು ಓದ್ತಾರೆ ಅಂತ ಗೊತ್ತು. ಓದಲಿ. ನಮ್ಮ ಮನೆ ವಿಷಯ ಈಗ ಊರವರೆಲ್ಲ ಟಿಕೆಟ್ ತಗೊಂಡು ನೋಡೋ ಹಾಗಾಗಿದೆ.

ನಿನಗೆ ಹೇಳಿರಲಿಲ್ಲ. ಎರಡು ವರ್ಷದ ಕೆಳಗೆ ಒಬ್ಬ ಡೈರೆಕ್ಟರು ನನ್ನ ಅಂಗಡಿ ಹುಡುಕಿಕೊಂಡು ಬಂದಿದ್ದ. “ಕೊತ್ತಗೆರೆ ತಿಮ್ಮರಾಜು ಕೊಲೆ ಕೇಸಿನ ಸುಶ್ಮಿತಾ ನಿಮ್ಮ ತಂಗಿ ಅಲ್ವಾ ಮೇಡಂ?” ಅಂತ ಗಿರಾಕಿಗಳ ಮುಂದೇನೇ ಕೇಳಿದ. ನಿನ್ನ ಮದುವೆ, ನಿನ್ನ ಗಂಡ, ಕಿರಣ್‌ಕುಮಾರ್ ಜೊತೆ ನಿನ್ನ ಸ್ನೇಹ, ಎಲ್ಲ ಸಿನಿಮಾ ಮಾಡ್ತಾನಂತೆ. “ಕಾಲ ಬದಲಾಯಿಸ್ತೀನಿ, ನೂರು ವರ್ಷ ಹಿಂದಕ್ಕೆ ತಗೊಂಡ್ಹೋಗ್ತೀನಿ, ಯಾರಿಗೂ ಗೊತ್ತಾಗಲ್ಲ” ಅಂದ. ಅಂಗಡಿ ಇಳಿದು ಹೋಗು ಅಂದೆ. ಹೋದ. ಕೋರ್ಟಿನಲ್ಲಿ ನೀನು ಹೇಳಿದ್ದನ್ನೆಲ್ಲ ಎಲ್ಲಿಂದಲೋ ಸಂಪಾದಿಸಿ ಸಿನಿಮಾ ಮಾಡೇಬಿಟ್ಟ.

ಹೋದ ತಿಂಗಳು ಅದು ಬಿಡುಗಡೆ ಆಯ್ತು. ನನ್ನ ಅಂಗಡಿ ಎದುರಿನ ಗೋಡೆಗೇ ಪೋಸ್ಟರ್ ಅಂಟಿಸಿದ್ರು. ಮೈತುಂಬ ಒಡವೆ ಹಾಕ್ಕೊಂಡ ಹುಡುಗಿ, ಕೈಯಲ್ಲಿ ಬೆಳ್ಳಿ ಲೋಟ. ಮೋನಿಕಾ ದಿನಾ ಅದರ ಮುಂದೇನೇ ಕಾಲೇಜಿಗೆ ಹೋಗ್ತಿದ್ಲು. ನಾನು ಏನೂ ಹೇಳಲಿಲ್ಲ, ಅವಳೂ ಏನೂ ಕೇಳಲಿಲ್ಲ. ನಿನ್ನ ಮಗಳು ಮೊದಲಿಂದ ಹಾಗೇ ಅಲ್ವಾ? ಒಳಗೇ ಇಟ್ಕೊಳ್ಳೋದು.

ಹೋದ ಮಂಗಳವಾರದ ಹಿಂದಿನ ಮಂಗಳವಾರ, ಮಧ್ಯಾಹ್ನ ಊಟ ಮುಗಿಸಿ ಮೆಷಿನ್ ಮುಂದೆ ಕೂತಿದ್ದೆ. ಅವಳ ಟ್ಯೂಷನ್ ಸರ್ ಫೋನ್ ಮಾಡಿ “ಮೋನಿಕಾ ಯಾಕೆ ಬಂದಿಲ್ಲ, ಹುಷಾರಿಲ್ವಾ?” ಅಂದ್ರು. ಬೆಳಗ್ಗೆ ನನ್ನೆದುರಿಗೇ ಬ್ಯಾಗ್ ಹಾಕ್ಕೊಂಡು ಹೋದವಳು! ಅವಳ ಫೋನ್ ಸ್ವಿಚ್ ಆಫ್. ಜೊತೆಯ ಹುಡುಗಿಗೆ ಮಾಡಿದೆ. “ಆಂಟಿ, ಅವಳು ಯಾರೋ ಅಜ್ಜಿ ಜೊತೆ ಆಟೋ ಹತ್ತಿದ್ಲಲ್ಲ” ಅಂದ್ಲು.

ನಮ್ಮಮ್ಮ ಇಲ್ಲ. ಇನ್ಯಾವ ಅಜ್ಜಿ?

ಒಬ್ಬಳೇ ಇರೋದು. ನಿನ್ನ ಅತ್ತೆ ಓಬಳಮ್ಮ.

ಸುಶ್ಮಿ, ನಿನಗೆ ಶಿಕ್ಷೆ ಆದ ದಿನ ಆಯಮ್ಮ ಕೋರ್ಟ್ ಅಂಗಳದಲ್ಲಿ ಮಣ್ಣು ತೂರಿ “ನನ್ನ ಮಗನ್ನ ತಿಂದೋಳ ಮಗಳೂ ಅನುಭವಿಸ್ಲಿ” ಅಂತ ಎದೆ ಬಡ್ಕೊಂಡಿದ್ದು ಕಣ್ಣ ಮುಂದೆ ಬಂತು. ಅವತ್ತಿಂದ ಮೋನಿಕಾಳನ್ನ ಅವರ ಕಣ್ಣಿಗೆ ಬೀಳದ ಹಾಗೆ ಸಾಕಿದ್ದೀನಿ. ಅಂಗಡಿ ಹಾಗೇ ತೆರೆದುಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ. ಕೊತ್ತಗೆರೆಗೆ ಕರ್ಕೊಂಡು ಹೋದ್ರೇನೋ ಅಂತ ಕುಣಿಗಲ್ ಕಡೆ ಹೋಗೋ ಬಸ್ಸುಗಳನ್ನೆಲ್ಲ ಹತ್ತಿ ಇಳಿದೆ. ಒಬ್ಬ ಕಂಡಕ್ಟರ್ “ಏನಮ್ಮ, ಏನ್ ಕಳ್ಕೊಂಡ್ರಿ?” ಅಂದ. ನಿಮ್ಮ ಭಾವನಿಗೆ ಫೋನ್ ಮಾಡಿದ್ರೆ “ಪೊಲೀಸ್ ಸ್ಟೇಷನ್ನಿಗೆ ನಡಿ, ನಾನೂ ಬರ್ತೀನಿ” ಅಂದ್ರು. ಅಷ್ಟರಲ್ಲಿ ಆ ಹುಡುಗಿಯೇ ಮತ್ತೆ ಫೋನ್ ಮಾಡಿದ್ಲು. “ಆಂಟಿ, ಆಟೋದವನಿಗೆ ಥಿಯೇಟರ್ ಅಂದಿದ್ದು ಕೇಳಿಸ್ತು.”

ಆ ಸಿನಿಮಾ ಹಾಕಿದ್ದ ಥಿಯೇಟರಿಗೆ ಓಡಿದೆ, ಇಂಟರ್‌ವಲ್ ಮುಗಿದು ಬಾಗಿಲು ಹಾಕ್ತಿದ್ರು. ಟಿಕೆಟ್ ತಗೊಂಡು ನುಗ್ಗಿದೆ. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ನೋಡ್ತೀನಿ, ನಡು ಸಾಲಲ್ಲಿ ಕಾಲೇಜ್ ಯೂನಿಫಾರ್ಮ್. ಪಕ್ಕದಲ್ಲಿ ಬಿಳಿ ತುರುಬು, ಹೆಗಲ ಮೇಲೆ ಹೊದ್ದ ಸೆರಗು. ಇಬ್ಬರೂ ಪರದೆ ನೋಡ್ತಾ ಕೂತಿದ್ದಾರೆ. ಕೂಗಬೇಕು ಅಂತಿದ್ದೋಳಿಗೆ ಕೂಗೋಕಾಗಲಿಲ್ಲ. ಅವರ ಹಿಂದಿನ ಸೀಟಿನಲ್ಲಿ ಹೋಗಿ ಕೂತ್ಕೊಂಡೆ. ಮಗು ಕೈಗೆಟುಕೋ ಹಾಗಿತ್ತು, ಅಷ್ಟೇ ಸಾಕಾಗಿತ್ತು.

ಸಿನಿಮಾ ಹೇಗಿತ್ತು ಅಂತ ಏನು ಬರೀಲಿ. ಗಂಡ ರುಮಾಲು ಸುತ್ತಿದ ಪಟೇಲ. ದನದ ಸಂತೆಗೆ ಹೋಗೋವಾಗಲೆಲ್ಲ ಹೆಂಡತಿಯನ್ನ ಕೋಣೆಯೊಳಗೆ ಹಾಕಿ ಹೊರಗಿಂದ ಚಿಲಕ ಜಡೀತಾನೆ. ಕೋಣೆಗೆ ಬಣ್ಣದ ಗಾಜಿನ ಕಿಟಕಿ! ನೀನು ಇದ್ದ ಕೋಣೆಗೆ ಕಿಟಕಿಯೇ ಇರಲಿಲ್ಲವಲ್ಲೇ. ಪಕ್ಕದಲ್ಲೇ ಕೊಬ್ಬರಿ ಅಟ್ಟ, ಸೆಕೆ, ಹೊಗೆ. ಇವಳು ಅತ್ತರೂ ಚೆಂದ, ಬೆವೆತರೂ ಚೆಂದ, ಹಿಂದೆ ಕೊಳಲು ಬೇರೆ. ಪ್ರೀತಿಸೋನು ಕುದುರೆ ಪಳಗಿಸೋ ಹುಡುಗ. ಕೊನೆಗೆ ತಪ್ಪನ್ನೆಲ್ಲ ತನ್ನ ಮೇಲೆ ಹಾಕ್ಕೊಂಡು ನಗುನಗ್ತಾ ನೇಣಿಗೆ ಹೋಗ್ತಾನೆ. ಜನ ಶಿಳ್ಳೆ ಹೊಡೆದ್ರು. ನಮ್ಮ ಕಿರಣ್‌ಕುಮಾರ್ ಪಂಪ್‌ಸೆಟ್ ರಿಪೇರಿಗೆ ಅಂತ ಬಂದು ನಿನ್ನ ತಲೆ ಕೆಡಿಸಿ, ಆಮೇಲೆ ಜಡ್ಜ್ ಮುಂದೆ “ಆ ಹೆಂಗಸು ಯಾರೋ ನನಗೆ ಸರಿಯಾಗಿ ಪರಿಚಯಾನೇ ಇಲ್ಲ ಸ್ವಾಮಿ” ಅಂದಿದ್ದಕ್ಕೆ ಯಾರು ಶಿಳ್ಳೆ ಹೊಡೀತಾರೆ?

ಎರಡನೇ ಸಲ ಆ ಚಿಲಕ ಹಾಕೋ ಸೀನ್ ಬಂತು. ಓಬಳಮ್ಮ ಸೀಟಿಂದ ಎದ್ದು ನಿಂತುಬಿಟ್ರು. “ಅವನಲ್ಲ! ಅವನಲ್ಲ!” ಅಂತ ಜೋರಾಗಿ ಅಂದ್ರು. ಹಿಂದಿಂದ ಯಾರೋ “ಏಯ್, ಕೂತ್ಕೊಳಮ್ಮ” ಅಂತ ಗದರಿಸಿದ್ರು. ಮೋನಿಕಾ ಕೈ ಹಿಡಿದು ಎಳೆದು “ಕೂತ್ಕೊ ಅಜ್ಜಿ, ಕೂತ್ಕೊ” ಅಂತ ಕೂರಿಸಿದ್ಲು. ಹಿಡಿದ ಕೈ ಬಿಡಲಿಲ್ಲ.

ಆಮೇಲೆ ಆ ಲೋಟದ ಸೀನು. ಅವಳು ಹಾಲು ಕೊಡ್ತಾಳೆ. ಅವನು ಕುಡೀತಾನೆ. ಓಬಳಮ್ಮ ಮುಖದ ಮೇಲೆ ಸೆರಗು ಎಳ್ಕೊಂಡ್ರು. ಮೋನಿಕಾ ಮಾತ್ರ ರೆಪ್ಪೆ ಮಿಟುಕಿಸದೆ ನೋಡಿದ್ಲು. ಕುಡಿದು ಸತ್ತವನ ತಾಯಿ, ಕೊಟ್ಟವಳ ಮಗಳು. ಇಬ್ಬರೂ ಕೈಕೈ ಹಿಡ್ಕೊಂಡು ಕೂತಿದ್ದನ್ನ ಹಿಂದೆ ಕೂತು ನೋಡಿದೋಳು ನಾನು. ಸಿನಿಮಾ ನನಗೆ ಅದೇ ಆಯ್ತು.

ಹೊರಗೆ ಬಂದಾಗ ನನ್ನನ್ನ ನೋಡಿ ಇಬ್ಬರೂ ಬೆದರಿದ್ರು. ನಾನು ಮೋನಿಕಾಳನ್ನ ಸೆಳೆದುಕೊಂಡು ಓಬಳಮ್ಮನ ಮೇಲೆ ಹರಿಹಾಯ್ದೆ. “ಇನ್ನೂ ಏನು ಬಾಕಿ ಇದೆ ಅಂತ ಈ ಮಗೂನ ಕರ್ಕೊಂಡು ಬಂದ್ರಿ?” ಅಂದೆ.

“ಅಜ್ಜಿ ಕರ್ಕೊಂಡು ಬರಲಿಲ್ಲ ದೊಡ್ಡಮ್ಮ” ಅಂದ್ಲು ಮೋನಿಕಾ. “ನಾನೇ ನಂಬರ್ ಹುಡುಕಿ ಫೋನ್ ಮಾಡಿದ್ದು. ಒಬ್ಬಳೇ ನೋಡೋಕೆ ಭಯ ಆಯ್ತು. ನಿನ್ನ ಕೇಳಿದ್ರೆ ನೀನು ಬಿಡ್ತಿರಲಿಲ್ಲ.”

ಓಬಳಮ್ಮನಿಗೆ ನಿಲ್ಲೋಕಾಗ್ತಿರಲಿಲ್ಲ. ಪಕ್ಕದ ಹೋಟೆಲಿನಲ್ಲಿ ಕೂರಿಸಿ ಕಾಫಿ ತರಿಸಿದೆ. ಮುಟ್ಟಲಿಲ್ಲ.

“ಚಿಲಕ ಹಾಕ್ತಿದ್ದೋಳು ನಾನು ಕಣವ್ವ” ಅಂದ್ರು.

ಸೆರಗಿಂದ ಮುಖ ಒರೆಸ್ಕೊಂಡು ಮುಂದುವರಿಸಿದ್ರು.

“ಅವನು ಗುಬ್ಬಿ ಮಂಡಿಗೆ ಹೊರಡೋವಾಗ ‘ಅವ್ವ, ನೋಡ್ಕೊ’ ಅಂತಿದ್ದ. ಅಷ್ಟೇಯ. ಹಾಕ್ತಿದ್ದೋಳು ನಾನು. ‘ಅತ್ತೆ, ಹಿತ್ತಲಿಗೋಗ್ಬೇಕು, ತಗೀರಿ’ ಅಂತ ಒಳಗಿಂದ ಬಾಗ್ಲು ಬಡೀತಿದ್ಲು. ಅವನು ಬರೋಗಂಟ ತಗೀತಿರ್ಲಿಲ್ಲ. ಕೋರ್ಟಲ್ಲಿ ವಕೀಲ ಕೇಳ್ದಾಗ, ನಮ್ಮನೇಲಿ ಅಂತಾ ಚಿಲಕಾನೇ ಇಲ್ಲ ಸ್ವಾಮಿ ಅಂದೆ. ಇವತ್ತು ಆ ಪರದೆ ಮ್ಯಾಲೆ ನನ್ನ ಕೈ ಮಾಡಿದ್ದನ್ನೂ ನನ್ನ ಮಗನ ತಲೆಗೇ ಕಟ್ಟವ್ರೆ. ಸತ್ತೋನ್ನ ಜನ ಉಗೀತಾವ್ರೆ. ನಂಗೆ ತಡ್ಕೊಳಕ್ಕಾಗ್ಲಿಲ್ಲ.”

“ಹಾಗಾದ್ರೆ ಅದನ್ನ ವಕೀಲರ ಮುಂದೆ ಹೇಳ್ತೀರಾ?” ಅಂದೆ.

ಓಬಳಮ್ಮ ನನ್ನ ಮುಖ ನೋಡಿ ಅಂದ್ರು: “ನಿನ್ನ ತಂಗಿ ಮಾಡಿದ್ದನ್ನ ನಾನು ಸಾಯೋಗಂಟ ಕ್ಷಮಿಸಾಕಿಲ್ಲ. ತಿಳ್ಕೊ. ಆದ್ರೆ ನನ್ನ ಸುಳ್ಳು ಅವಳ ಮ್ಯಾಲೆ ಕುಂತಿರೋದು ಬ್ಯಾಡ. ಬುಡು, ಹೇಳ್ತೀನಿ.”

ಸುಶ್ಮಿ, ನಿಧಾನವಾಗಿ ಓದು. ನಾಲ್ಕು ದಿನ ಬಿಟ್ಟು ಲಾಯರ್ ವೆಂಕಟರಂಗಯ್ಯನವರ ಹತ್ರ ಹೋಗೋದು ಅಂತ ಮಾತಾಯ್ತು. ಅಷ್ಟರಲ್ಲಿ ನಿನ್ನ ಮೈದುನ ಅಂಜನ್‌ಕುಮಾರನಿಗೆ ವಿಷಯ ಮುಟ್ಟಿತ್ತು. ನಾವು ಹೊರಡೋ ಬೆಳಗ್ಗೆ ಓಬಳಮ್ಮ ನನ್ನ ಅಂಗಡಿಗೆ ಬಂದು ಕೂತಿದ್ರು. ಅವನು ಬೈಕು ಬೀದಿಯಲ್ಲೇ ಬಿಟ್ಟು ಒಳಗೆ ನುಗ್ಗಿದ. ಕಟಿಂಗ್ ಟೇಬಲ್ ಮೇಲಿದ್ದ ಬಟ್ಟೆಯನ್ನೆಲ್ಲ ಎಳೆದು ಬಿಸಾಕಿದ. “ಏನಕ್ಕ, ನಮ್ಮಣ್ಣನ್ನ ಮುಗಿಸಿದ್ದು ಸಾಲಲಿಲ್ವಾ? ನಮ್ಮವ್ವನ ತಲೇನೂ ಕೆಡಿಸ್ತಿದೀಯಾ?” ಅಂತ ನನ್ನ ಮೇಲೇ ಬಂದ. ಟೇಬಲ್ ಮೇಲೆ ದೊಡ್ಡ ಕತ್ತರಿ ಇತ್ತು. ಅವನ ಕಣ್ಣು ಅದರ ಮೇಲೆ ಹೋಗಿದ್ದನ್ನ ನಾನು ನೋಡಿದೆ. ಮೋನಿಕಾ ಹಿಂದೆ ಗೋಡೆಗೆ ಅಂಟಿಕೊಂಡು ನಿಂತಿದ್ಲು. ಬೀದಿಯಲ್ಲಿ ಜನ ಸೇರಿದ್ರು, ಒಬ್ಬರೂ ಒಳಗೆ ಬರಲಿಲ್ಲ.

ಓಬಳಮ್ಮ ಎದ್ದು ಬಂದು ಅವನಿಗೂ ನನಗೂ ನಡುವೆ ನಿಂತ್ರು. ದನಿ ಏರಿಸಲೇ ಇಲ್ಲ.

“ನಿನ್ನ ಹೆಂಡ್ತಿ ಕ್ವಾಣೆ ಬಾಗ್ಲಿಗೂ ಹೊರಗಡೀಕೇ ಚಿಲಕ ಅದೆ ಕಣ್ಲಾ” ಅಂದ್ರು. “ನಾನೇ ನಿನಗೂ ಅದನ್ನ ಕಲಿಸಿದ್ದು. ಹೋಗಿ ಅದನ್ನ ಕಿತ್ತಾಕು. ಆಮ್ಯಾಕೆ ಬಂದು ನನ್ ಜೊತೆ ಮಾತಾಡು.”

ಅವನು ಜನರ ಕಡೆ ತಿರುಗಿ ನೋಡಿದ. ಎಲ್ಲರಿಗೂ ಕೇಳಿಸಿತ್ತು. “ಇನ್ಮೇಲೆ ಮನೆ ಕಡೆ ಬರ್ಬೇಡ” ಅಂತ ತಾಯಿಗೆ ಅಂದು ಬೈಕ್ ಹತ್ತಿ ಹೋದ. ಓಬಳಮ್ಮ ಬಿದ್ದಿದ್ದ ಬಟ್ಟೆ ಒಂದೊಂದೇ ಎತ್ತಿ, ಧೂಳು ಕೊಡವಿ, ಮಡಚಿ ಟೇಬಲ್ ಮೇಲಿಟ್ರು.

ಅವತ್ತೇ ಹೋಗಿ ಎಲ್ಲ ಹೇಳಿ ಹೆಬ್ಬೆಟ್ಟು ಒತ್ತಿ ಬಂದಿದ್ದಾರೆ. ಲಾಯರ್ ಹೇಳಿದ್ದನ್ನ ಹಾಗೇ ಬರೀತೀನಿ. ಹೈಕೋರ್ಟಿನಲ್ಲಿ ನಿನ್ನ ಅಪೀಲಿನ ಜೊತೆ ಈ ಹೇಳಿಕೆನೂ ತಗೊಳ್ಳಿ ಅಂತ ಅರ್ಜಿ ಹಾಕ್ತಾರಂತೆ. ತಗೊಳ್ತಾರೋ ಇಲ್ವೋ ಗೊತ್ತಿಲ್ಲ. ತಗೊಂಡ್ರೂ ಬಿಡುಗಡೆ ಅಂತ ಅಲ್ಲ, ಶಿಕ್ಷೆ ಕಡಿಮೆ ಆಗಬಹುದು ಅಷ್ಟೇ. “ಆಸೆ ಹುಟ್ಟಿಸೋಕೆ ಹೋಗ್ಬೇಡಿ ತಾಯಿ” ಅಂದ್ರು. ನಾನು ಹುಟ್ಟಿಸ್ತಿಲ್ಲ. ನಡೆದಿದ್ದು ಹೇಳ್ತಿದೀನಿ.

ಓಬಳಮ್ಮ ಈಗ ನಮ್ಮ ಮನೆಯಲ್ಲೇ ಇದ್ದಾರೆ. ನಿಮ್ಮ ಭಾವ ಮೊದಲು ಗೊಣಗಿದ್ರು, ಈಗ ಅವರೇ ಎಲೆ ಅಡಿಕೆ ತಂದುಕೊಡ್ತಾರೆ. ನಿನ್ನ ಹೆಸರು ಎತ್ತಿದ್ರೆ ಆಯಮ್ಮ ಎದ್ದು ಹೊರಗೆ ಹೋಗಿಬಿಡ್ತಾರೆ. ನಾನೂ ಎತ್ತಲ್ಲ. ಒಂದೇ ಸೂರಿನಡಿ ಇಬ್ಬರೂ ಹುಷಾರಾಗಿ ಓಡಾಡ್ತೀವಿ, ಕೆಂಡದ ಪಕ್ಕ ಓಡಾಡಿದ ಹಾಗೆ.

ನಿನ್ನ ಸೊಂಟನೋವು ಹೇಗಿದೆ? ಡಾಕ್ಟರಿಗೆ ತೋರಿಸು, ನಾಚ್ಕೊಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಅಲ್ಲಿ ಹೊಲಿಗೆ ಕಲಿತಿದೀಯಂತೆ, ನಮ್ಮಮ್ಮ ಕೇಳಿದ್ರೆ ಎಷ್ಟು ಹಿಗ್ಗುತ್ತಿದ್ಲೋ. ಏನಾದ್ರೂ ಆಗಲಿ, ನೀನು ನನ್ನ ಬೆನ್ನಿಗೆ ಬಿದ್ದ ತಂಗಿ. ದೇವರು ನಿನಗೆ ತಾಳ್ಮೆ ಕೊಡಲಿ, ಒಳ್ಳೇ ನಿದ್ದೆ ಕೊಡಲಿ. ನಿನ್ನ ತಲೆ ಮೇಲೆ ನನ್ನ ಕೈ ಇದೆ ಅಂತ ಅಂದ್ಕೊಂಡು ಮಲಗು.

ನಿನ್ನ ಅಕ್ಕ,
ಮಂಗಳಗೌರಿ

ತಾ. ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದ್ದೀನಿ. ಇದನ್ನ ಬರೀಬಾರದು ಅಂದ್ಕೊಂಡಿದ್ದೆ, ಆಗಲಿಲ್ಲ.

ಸಿನಿಮಾ ನೋಡಿ ಬಂದಮೇಲೆ ಮೋನಿಕಾ ಅಳಲಿಲ್ಲ. ನಿನ್ನೆ ಬೆಳಗ್ಗೆ ಜಡೆ ಹಾಕ್ತಿದ್ದಾಗ ಕನ್ನಡಿಯಲ್ಲಿ ನನ್ನನ್ನ ನೋಡ್ತಾ ಕೇಳಿದ್ಲು. “ದೊಡ್ಡಮ್ಮ, ಆ ಸಿನಿಮಾದಲ್ಲಿ ಅವಳಿಗೆ ಮಕ್ಕಳೇ ಇಲ್ಲ ಅಲ್ವಾ?” ಹೌದು ಅಂದೆ. “ಅವತ್ತು ಅಮ್ಮ ಲೋಟ ತಗೊಂಡು ಹೋದಾಗ ನಾನು ಹಜಾರದಲ್ಲೇ ಹೋಮ್‌ವರ್ಕ್ ಬರೀತಾ ಕೂತಿದ್ದೆ. ನನ್ನ ಪಕ್ಕದಲ್ಲೇ ಹೋದ್ಲು. ಅವತ್ತು ಅವಳಿಗೂ ನಾನು ಇಲ್ಲ ಅಂತಾನೇ ಅನ್ನಿಸಿತ್ತಾ?”

ಜಡೆ ಮುಗಿಸಿ ರಿಬ್ಬನ್ ಕಟ್ಟಿ ಕಳಿಸಿದೆ. ನಾನು ಏನು ಹೇಳಲಿ ಸುಶ್ಮಿ?

ಬರೋ ಭೇಟಿ ದಿನ ನನ್ನ ಜೊತೆ ಅವಳೂ ಬರ್ತಾಳಂತೆ. ಇಷ್ಟು ವರ್ಷದಲ್ಲಿ ಮೊದಲನೇ ಸಲ. ಅಲ್ಲಿ ಕೇಳ್ತಾಳೆ. ಇವತ್ತಿಂದಲೇ ಉತ್ತರ ಹೊಂದಿಸಿ ಇಟ್ಕೊಬೇಡ. ಅವಳ ಮುಖ ನೋಡು, ಬಾಯಿಗೆ ಬಂದ ನಿಜ ಹೇಳು. ಏನೂ ಬರದಿದ್ರೆ ಅದನ್ನೂ ಹೇಳು.