ಅಣ್ಣನ ಮಾತು ಮುಗಿಸುವವನು

ಜೂನ್ 3, ಸಂಜೆ
ಚರಿತ್ರೆ ಗುರುತು ಹಾಕಿಕೊಳ್ಳಲಿ: ಇಂದಿನಿಂದ ನನ್ನ ಟೀಗೆ ಸಕ್ಕರೆ ಇಲ್ಲ. ಸ್ಟ್ರೋಕ್ ಆದಮೇಲೆ ಅಣ್ಣನಿಗೆ ಡಾಕ್ಟರು ಸಿಹಿ ಬಂದ್ ಮಾಡಿದ್ದಾರೆ. ಒಡಹುಟ್ಟಿದವನು ಅವನೆದುರು ಸಿಹಿ ಕುಡಿಯುವುದೆ? ಅತ್ತಿಗೆ ಅಡುಗೆಮನೆಯಿಂದ ಬರುವವರೆಗೆ ಕಾದು, ಸಕ್ಕರೆ ಡಬ್ಬಿ ಪಕ್ಕಕ್ಕೆ ತಳ್ಳಿದೆ. ಅವರ ಕಣ್ಣು ತುಂಬಿತು. ಮನೆಗೆ ಬಂದು ಎರಡು ಚಮಚ ಹಾಕಿಕೊಂಡು ಇನ್ನೊಂದು ಕಪ್ ಕುಡಿದೆ... ಅದು ಬೇರೆ ಲೆಕ್ಕ.

ಜೂನ್ 6
ಮಾರ್ಕೆಟ್ಟಿನಲ್ಲಿ ಹರಾಜು ಕೂಗಿ ಕೂಗಿ ಪಳಗಿದ ಗಂಟಲು ಅಣ್ಣನದು. ಅವನೆದುರು ಹುಟ್ಟಿದಾಗಿನಿಂದ ನಾನೊಂದು ವಾಕ್ಯ ಮುಗಿಸಿದ್ದಿಲ್ಲ. ಈಗ ಅವನು "ನೀ... ನೀ..." ಅನ್ನುತ್ತಾನೆ. "ನೀರು!" ಎಂದು ಮುಗಿಸಿ ಲೋಟ ಹಿಡಿದೆ. ನೋಡಲು ಬಂದಿದ್ದ ಪಕ್ಕದ ಮನೆಯಾಕೆ ಬೆರಗಾದರು. "ತಮ್ಮ ಅಂದ್ರೆ ಹೀಗಿರ್ಬೇಕು ಕಣ್ರೀ! ಬಾಯಿ ತೆಗೆಯೋದ್ರೊಳಗೆ ಗೊತ್ತಾಗ್ಬಿಡುತ್ತೆ."
ವಿನಯದಿಂದ ತಲೆ ತಗ್ಗಿಸಿದೆ. ಇನ್ನೊಮ್ಮೆ ಹೇಳಲಿ ಎಂದು ತಗ್ಗಿಸಿಕೊಂಡೇ ಇದ್ದೆ.

ಜೂನ್ 7
ದಿನದ ಹಾಗೆ ಅಣ್ಣನಿಗೆ ಪೇಪರ್ ಓದಿ ಹೇಳಿದೆ. ಆಮೇಲೆ ನನ್ನ ಮಂಡಿನೋವಿನ ಕಥೆ ಪೂರ್ತಿ ಕೇಳಿದ. ಅಡ್ಡಮಾತಿಲ್ಲ. ಪಾಪ, ಎಷ್ಟು ಒಳ್ಳೆಯವನಾಗಿದ್ದಾನೆ!

ಜೂನ್ 12
ಮಾತು ಕಲಿಸಲು ಬರುವ ಥೆರಪಿ ಮೇಡಂ ಹಿಡಿದು ಝಾಡಿಸಿದರು.
"ಸಾರ್, ನೀವು ಹೇಳಿಕೊಡ್ಬೇಡಿ. ಪದ ಅವರೇ ಹುಡುಕ್ಬೇಕು. ನೀವು ಹೇಳ್ತಾ ಹೋದ್ರೆ ಹುಡುಕೋದನ್ನೇ ಬಿಟ್ಬಿಡ್ತಾರೆ. ಆಮೇಲೆ ಮಾತು ಬರೋದು ಕಷ್ಟ."
"ಖಂಡಿತ ಮೇಡಂ."
ಅವರು ಮೆಟ್ಟಿಲಿಳಿದರೋ ಇಲ್ಲವೋ, ಅಣ್ಣ "ಕಿ..." ಅಂದ. "ಕಿಟಕಿ!" ಅಂದೆ. ಅಲ್ಲವೆಂದು ತಲೆ ಆಡಿಸಿದ. ಆದರೂ ತೆಗೆದೆ. ಗಾಳಿ ಒಳ್ಳೆಯದು.

ಜೂನ್ 23
ಶೀತ, ಜ್ವರ. ಅಣ್ಣನಿಗೆ ತಗುಲದಿರಲೆಂದು ಇಷ್ಟು ದಿನ ಹೋಗಲಿಲ್ಲ. ಇವತ್ತು ಅತ್ತಿಗೆ ಫೋನ್. ಅಳುತ್ತಾ ನಗುತ್ತಿದ್ದರು. "ಕೇಳಿಲ್ಲಿ! ಬಾಗಿಲು ಹಾಕು ಅಂದ್ರು ಕಣಪ್ಪ, ಬಾಗಿಲು ಹಾಕು ಅಂತ! ಒಬ್ಬರೇ ಹುಡುಕಿ ಹೇಳಿದ್ರು!"
"ಅಯ್ಯೋ, ಎಂಥಾ ಸಂತೋಷ ಅತ್ತಿಗೆ" ಅಂದೆ. ಫೋನ್ ಇಟ್ಟಮೇಲೆ ಗೋಡೆ ನೋಡುತ್ತಾ ಕೂತೆ. ಸಂತೋಷ ಬರುತ್ತದೆಂದು ಕಾದೆ. ಜ್ವರವಿರಬೇಕು.

ಜೂನ್ 25
ಹೋದೆ. ಅಣ್ಣ ನನ್ನನ್ನು ನೋಡಿದ, ಬಾಯಿ ತೆರೆದ, ಮುಚ್ಚಿದ. ಆಮೇಲೆ ನನ್ನ ಬಾಯಿಯನ್ನೇ ನೋಡುತ್ತಾ ಕೂತ, ಬಸ್ಸಿಗೆ ಕಾಯುವವನ ಹಾಗೆ. ಒಂದು ಗಂಟೆ ಕೂತಿದ್ದೆ. ಒಂದು ಮಾತಿಲ್ಲ.
ಬಾಗಿಲ ಹತ್ತಿರ ಅತ್ತಿಗೆ ದನಿ ತಗ್ಗಿಸಿದರು. "ಬೇಜಾರು ಮಾಡ್ಕೋಬೇಡಪ್ಪ. ನೀನು ಬಂದ್ರೆ ಸುಮ್ಮನಾಗಿಬಿಡ್ತಾರೆ. ಸ್ವಲ್ಪ ದಿನ... ಬರೋದು ಬೇಡ."
"ಪೇಪರ್ ಓದಿ ಹೇಳೋರು ಯಾರು?"
"ಅವರೇ ಓದ್ತಾರೆ. ಒಂದೊಂದೇ ಅಕ್ಷರ."
ಟೀ ಕೊಟ್ಟರು. ಸಕ್ಕರೆ ಹಾಕಿರಲಿಲ್ಲ. ನೆನಪಿಟ್ಟುಕೊಂಡಿದ್ದರು.

ಜುಲೈ 9
ಅಣ್ಣ ಗುಣವಾಗಲಿ ಎಂದು ದಿನಾ ಹೋಗುತ್ತಿದ್ದೆ. ಈ ವಾಕ್ಯ ಬರೆದು, ಹೊಡೆದುಹಾಕಿ, ಮತ್ತೆ ಬರೆದೆ. ಇರಲಿ.
ಈ ಪುಟ ಯಾರ ಕಣ್ಣಿಗಾದರೂ ಬಿದ್ದರೆ ಒಂದು ಸಣ್ಣ ಉಪಕಾರ. ಸಂಜೆ ಹೋಗಿ ಅಣ್ಣನ ಕೈಗೆ ಪೇಪರ್ ಕೊಟ್ಟು, ಐದು ನಿಮಿಷ ಕೂತು ಬನ್ನಿ. ನನ್ನನ್ನು ಕೇಳುತ್ತಾನೇನೋ. "ತ... ತ..." ಅಂದರೆ ಕಾಯಿರಿ. ಎಷ್ಟು ಹೊತ್ತಾದರೂ ಸರಿ. ದಯವಿಟ್ಟು ಆ ಮಾತನ್ನು ಮಾತ್ರ ನೀವಾಗಿ —